ಮ್ಯೂಟ್‌ಗೆ ನಾನು ಬರೆಸಿದ ಅರ್ಥ

ಇಂಗ್ಲಿಷ್ ಪಾಠ ಮಾಡುವವರಿಗೆ ಒಂದು ಕೆಟ್ಟ ಚಟ ಇರುತ್ತದೆ. ಹೆಚ್ಚುಕಡಿಮೆ ಒಂದೇ ಅರ್ಥದ ನಾಲ್ಕು ಪದ ಸಿಕ್ಕರೆ ಸಾಕು, ಅವನ್ನು ಬೋರ್ಡಿನ ಮೇಲೆ ಸಾಲಾಗಿ ನಿಲ್ಲಿಸಿ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ಮಕ್ಕಳ ತಲೆ ತಿನ್ನುತ್ತೇವೆ. ನನಗೆ ಆ ಚಟ ಸ್ವಲ್ಪ ಜಾಸ್ತಿಯೇ ಇದೆ. ತಿ. ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮದುವೆಯಾಗಲಿಲ್ಲ, ಅಪ್ಪ ಅವ್ವನ ಜೊತೆ ನಂಜನಗೂಡಿನಲ್ಲಿದ್ದೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹತ್ತನೇ ತರಗತಿಗೆ ಪ್ರತಿ ವರ್ಷ ನಾನು ಬರೆಯುವ ಸಾಲಿನಲ್ಲಿ ಮೂರು ಪದಗಳು ತಪ್ಪುವುದಿಲ್ಲ: ಸೈಲೆಂಟ್, ಮ್ಯೂಟ್, ಡಂಬ್.

ಸೈಲೆಂಟ್ ಎಂದರೆ ಮಾತು ಬಂದೂ ಆಡದೆ ಇರುವವರು. ಮ್ಯೂಟ್ ಎಂದರೆ ಆಡಬೇಕೆಂದರೂ ಆಡಲಾಗದವರು. ಡಂಬ್ ಎಂದು ಯಾರಿಗೂ ಅನ್ನಬೇಡಿ, ಅದು ಈಗ ಬೈಗುಳ, ಪರೀಕ್ಷೆಯಲ್ಲೂ ಬೇಡ, ಬೀದಿಯಲ್ಲೂ ಬೇಡ. ಹೀಗೆ ಬರೆಸುತ್ತಿದ್ದೆ. ನಿಘಂಟು ನನ್ನ ಪರವಾಗಿರಲಿಲ್ಲ. ಅದರಲ್ಲಿ ಮ್ಯೂಟ್ ಪದದ ಎದುರಿಗೆ ಮಾತಾಡದವನು ಎಂದೂ ಇದೆ, ಮಾತಾಡಲಾರದವನು ಎಂದೂ ಇದೆ. ಒಂದೇ ಸಾಲಿನಲ್ಲಿ ಎರಡೂ ಅಕ್ಕಪಕ್ಕ ಕೂತಿವೆ. ನನಗೆ ಅದು ಸರಿಬರುತ್ತಿರಲಿಲ್ಲ. ಆಡದಿರುವುದು ಬೇರೆ, ಆಡಲಾಗದಿರುವುದು ಬೇರೆ, ಎರಡನ್ನೂ ಒಂದೇ ನೊಗಕ್ಕೆ ಕಟ್ಟುವುದು ಸೋಮಾರಿತನ ಎನ್ನುತ್ತಿದ್ದೆ. ಒಬ್ಬ ಹುಡುಗಿ ಒಮ್ಮೆ, ಮಿಸ್ಸು ಪ್ರಶ್ನೆ ಕೇಳಿದಾಗ ನಾನು ಮ್ಯೂಟ್ ಆದೆ ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದಿದ್ದಳು. ಕೆಂಪು ಪೆನ್ನಿನಿಂದ ಅದನ್ನು ಹೊಡೆದು, ಮೇಲೆ ಸೈಲೆಂಟ್ ಎಂದು ಬರೆದು, ಅರ್ಧ ಅಂಕ ಕಿತ್ತುಕೊಂಡಿದ್ದೆ. ಅವಳಿಗೆ ಬಾಯಿ ಇದೆ, ಉತ್ತರ ಗೊತ್ತಿಲ್ಲ, ಅಷ್ಟೇ ತಾನೆ. ಅದರಲ್ಲಿ ಮ್ಯೂಟ್ ಆಗುವುದೇನು ಬಂತು ಎಂದು ನನ್ನ ವಾದ.

ಈ ಮೂರು ಪದಗಳ ಕತೆಯನ್ನು ಒಂದು ದಿನ ಊಟಕ್ಕೆ ಕೂತಾಗ ಅಪ್ಪನಿಗೂ ಹೇಳಿದ್ದೆ. ಅಪ್ಪ ತಟ್ಟೆಯಿಂದ ತಲೆ ಎತ್ತಿ, "ಸುಮ್ಕಿರಾದ್ಕೆ ಇಷ್ಟೊಂದು ಮಾತು ಮಡೀಕಂಡವ್ರಾ ಇಂಗ್ಲೀಷ್ನೋರು? ನಮ್ಗೆ ಒಂದೇ ಸಾಕು ಕಣವ್ವ, 'ಸುಮ್ಕಿರು'. ಅದ್ನೂ ನಿಮ್ಮವ್ವ ದಿನಾ ನಂಗೇ ಯೋಳ್ತಾಳೆ" ಎಂದು ನಕ್ಕಿದ್ದರು. ಅವ್ವ ಸಾರಿನ ಸೌಟು ಎತ್ತಿಕೊಂಡು, "ಮತ್ತೆ? ಬಾಯೋ ಅದು, ಬೊಂಬಾಯೋ" ಎಂದಿದ್ದಳು.

ಅಪ್ಪ ನಂಜನಗೂಡಿನ ಬಾಳೆಮಂಡಿಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದವರು. ಮಂಡಿಯಲ್ಲಿ ಬಾಳೆಗೊನೆಗಳನ್ನು ಸಾಲಾಗಿ ನಿಲ್ಲಿಸಿ ಹರಾಜು ಕೂಗುವುದು ಅವರ ಕೆಲಸ. ಅವರ ಗಂಟಲು ಎಂಥದೆಂದರೆ, ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಅಷ್ಟು ಜೋರು. ಫೋನಿನಲ್ಲಿ ಮಾತಾಡುವಾಗ ಫೋನೇ ಬೇಡ ಎನ್ನಿಸುತ್ತಿತ್ತು. ಮಂಡಿ ಬಿಟ್ಟು ಮನೆ ಸೇರಿದ ಮೇಲೂ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಮಾತಾಡಿಸುತ್ತಿದ್ದರು. ಟಿವಿ ನೋಡುವಾಗ ಮಾತ್ರ ಜಾಹೀರಾತು ಬಂದರೆ ಸಿಡುಕಿ ರಿಮೋಟಿನಲ್ಲಿ ಸದ್ದು ನಿಲ್ಲಿಸುತ್ತಿದ್ದರು. ಬೇರೆಯವರು ಹೆಚ್ಚು ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. ಆ ಗುಂಡಿಯ ಮೇಲಿನ ಅಕ್ಷರ ಅವರ ಹೆಬ್ಬೆರಳಿಗೆ ಸಿಕ್ಕಿ ಅಳಿಸಿಯೇ ಹೋಗಿತ್ತು.

ಅಂಥ ಮನುಷ್ಯ ದಿನಕ್ಕೆ ಒಂದು ಹೊತ್ತು ಮಾತ್ರ ಬಾಯಿ ಮುಚ್ಚುತ್ತಿದ್ದರು. ಅದು ಲಿಂಗಪೂಜೆಯ ಹೊತ್ತು. ನಮ್ಮದು ಲಿಂಗವಂತರ ಮನೆ. ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ತೋಳಿಗೆ ವಿಭೂತಿ ಹಚ್ಚಿ, ಪೂಜೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಂಡು ಕೂರುವರು. ಬಲಗೈಯಲ್ಲಿ ನೀರು, ವಿಭೂತಿ, ಬಿಲ್ವಪತ್ರೆ. ಆಮೇಲೆ ಕಣ್ಣು ಅದರ ಮೇಲೆಯೇ. ಪೂಜೆಗೆ ಕೂತವರನ್ನು ಮಾತಾಡಿಸಬಾರದು, ಎದುರಿಗೆ ಹೋಗಬಾರದು, ಅವರೂ ಮಾತಾಡುವುದಿಲ್ಲ. ನಾನು ಅಂಬೆಗಾಲಿಡುವಾಗಿನಿಂದ ಕಲಿತದ್ದು ಇದು. ಏನಾದರೂ ಬೇಕಾದರೆ ಅಪ್ಪ ಮೂಗಿನಲ್ಲೇ ಸದ್ದು ಮಾಡುತ್ತಿದ್ದರು. ಒಂದು ಸಲ 'ಉಂ' ಎಂದರೆ ನೀರು ಬೇಕು. ಎರಡು ಸಲ 'ಉಂ ಉಂ' ಎಂದರೆ ಆಚೆ ಹೋಗಿ, ಬಾಗಿಲು ಹಾಕಿ. ಇದನ್ನು ಯಾರೂ ನಮಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಮನೆಯ ನಾಯಿಗೂ ಗೊತ್ತಿತ್ತು.

ಮೂರು ವರ್ಷದ ಹಿಂದಿನ ಶಿವರಾತ್ರಿಯ ಬೆಳಗ್ಗೆ ಅಪ್ಪ ಆರು ಗಂಟೆಗೆ ಪೂಜೆಗೆ ಕೂತರು. ಶಿವರಾತ್ರಿಯ ದಿನ ಅವರ ಪೂಜೆ ಎರಡು ಮೂರು ಗಂಟೆ ನಡೆಯುವುದು ವಾಡಿಕೆ. ಮನೆಯವರೆಲ್ಲ ಉಪವಾಸ, ಆದ್ದರಿಂದ ತಿಂಡಿಗೆ ಏಳಿ ಎಂದು ಕರೆಯುವ ಪ್ರಶ್ನೆಯೂ ಇರಲಿಲ್ಲ. ಮೈಸೂರಿನಲ್ಲಿರುವ ನನ್ನ ತಮ್ಮ ಹಬ್ಬಕ್ಕೆಂದು ಕಾರಿನಲ್ಲಿ ಬಂದಿದ್ದ, ಅವನ ಇಬ್ಬರು ಮಕ್ಕಳು ನಡುಮನೆಯಲ್ಲಿ ಓಡಾಡುತ್ತಿದ್ದರು. "ಲೇ ಸುಮ್ನಿರ್ರೋ, ತಾತ ಪೂಜೇಲವ್ರೆ, ಆ ಕಡೀಕ್ ಓಗ್ಬೇಡಿ" ಎಂದು ಅವ್ವ ಗದರಿ ಅವರನ್ನು ಹಿತ್ತಿಲಿಗೆ ಅಟ್ಟಿ, ತಾನೂ ಹಿತ್ತಿಲಿನಲ್ಲೇ ಉಳಿದಳು. ತಮ್ಮ ಇನ್ನೂ ಎದ್ದಿರಲಿಲ್ಲ. ನಾನು ಪೂಜೆ ಕೋಣೆಯ ಆಚೆ ಗೋಡೆಗೆ ಒರಗಿ, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ.

ಏಳಕ್ಕೆ ಸ್ವಲ್ಪ ಮುಂಚೆ ಕೋಣೆಯೊಳಗೆ ಏನೋ ಉರುಳಿದ ಸದ್ದಾಯಿತು. ತಂಬಿಗೆ ಎಂದುಕೊಂಡೆ. ಎದ್ದು ಬಾಗಿಲನ್ನು ಒಂದು ಗೇಣು ತೆಗೆದೆ.

ತಂಬಿಗೆಯೇ. ಅಡ್ಡ ಬಿದ್ದಿತ್ತು, ನೀರು ಮಣೆಯ ಕೆಳಗೆ ಹರಿದಿತ್ತು. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಎಡಗೈ ಎದೆಯ ಮಟ್ಟದಲ್ಲಿತ್ತು, ಅದರಲ್ಲಿ ಲಿಂಗ ಇತ್ತು. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಬಿಲ್ವಪತ್ರೆಗಳು ಪಂಚೆಯ ಮೇಲೆ ಚೆಲ್ಲಿದ್ದವು. ಅಪ್ಪ ನನ್ನನ್ನು ನೋಡಿದರು. ಪೂಜೆಯಲ್ಲಿ ಅವರು ಯಾವತ್ತೂ ಕಣ್ಣೆತ್ತಿ ನೋಡಿದವರಲ್ಲ. ತುಟಿ ಅಲುಗಿತು. ಆಮೇಲೆ ಮೂಗಿನಿಂದ ಸದ್ದು ಬಂತು: ಉಂ. ಸ್ವಲ್ಪ ಬಿಟ್ಟು ಇನ್ನೊಂದು: ಉಂ.

ಏನೋ ಸರಿಯಿಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಲಿಲ್ಲ ಎಂದು ಬರೆದರೆ ಅದು ಸುಳ್ಳು. 'ಅಪ್ಪ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಪೂಜೆಯಲ್ಲಿ ಮಾತಾಡಿಸಬಾರದು. ಎರಡು ಸಲ ಉಂ ಎಂದಿದ್ದಾರೆ, ಸಿಟ್ಟು ಬಂದಿದೆ, ಹೋಗು ಎನ್ನುತ್ತಿದ್ದಾರೆ. ಸದ್ದಾಗದ ಹಾಗೆ ಬಾಗಿಲು ಹಾಕಿ ಮತ್ತೆ ಬಂದು ಕೂತೆ. ಕೈಯಲ್ಲಿದ್ದ ಪತ್ರಿಕೆಯಲ್ಲಿ ಯಾವನೋ ಕಾಗುಣಿತದ ತಪ್ಪು ಮಾಡಿದ್ದ, ಅದಕ್ಕೆ ಗೆರೆ ಎಳೆದೆ. ಆಮೇಲೆ ಇಪ್ಪತ್ತೆರಡು ಪತ್ರಿಕೆ ತಿದ್ದಿದೆ. ಎಷ್ಟು ಎಂದು ಸರಿಯಾಗಿ ಗೊತ್ತು, ಏಕೆಂದರೆ ಆಮೇಲೆ ಅವನ್ನು ತೆಗೆದು ಎಣಿಸಿದ್ದೇನೆ.

ಒಂಬತ್ತೂವರೆಗೆ ಅವ್ವ ಬಂದು, "ಇನ್ನೂ ಆಗ್ಲಿಲ್ವಾ" ಎಂದು ಬಾಗಿಲು ತೆಗೆದಳು. ಅಪ್ಪ ಹಾಗೇ ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಜೊಲ್ಲು ಎದೆಯ ವಿಭೂತಿಯ ಮೇಲೆ ಇಳಿದಿತ್ತು. ಲಿಂಗ ಮಾತ್ರ ಎಡಗೈಯಿಂದ ಬಿದ್ದಿರಲಿಲ್ಲ. ಅದನ್ನು ಬಿಡಿಸಿಕೊಳ್ಳಲು ಅವ್ವ ಎಷ್ಟು ಕಷ್ಟಪಟ್ಟಳೆಂದರೆ, ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಶಿವರಾತ್ರಿಯ ದಿನ ನಂಜನಗೂಡಿನ ರಸ್ತೆಗಳ ಸಂಗತಿ ಯಾರಿಗೂ ಹೇಳಬೇಕಾಗಿಲ್ಲ. ದೇವಸ್ಥಾನಕ್ಕೆ ಬಂದ ಜನದ ನಡುವೆ ನನ್ನ ತಮ್ಮ ಹಾರನ್ನು ಒತ್ತಿಕೊಂಡೇ ಕಾರು ಬಿಟ್ಟ. ಮೈಸೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ಹನ್ನೊಂದು ದಾಟಿತ್ತು. ವೈದ್ಯರು ಕೇಳಿದ ಮೊದಲ ಮಾತೇ, "ಯಾವಾಗಿಂದ ಹೀಗಾಗಿದೆ? ಕಡೆಯದಾಗಿ ಇವರನ್ನ ಯಾರು ನೋಡಿದ್ದು?" ಎಂದು.

ಅವ್ವ ನನಗಿಂತ ಮುಂಚೆ ಬಾಯಿ ತೆರೆದಳು. "ಯಾರೂ ನೋಡ್ಲಿಲ್ಲ ಸಾ. ಆರು ಗಂಟೆಗೆ ಪೂಜೆಗೆ ಕುಂತ್ರು. ಮಕ್ಳು ಗಲಾಟೆ ಮಾಡ್ತಿದ್ವು, ನಾನೇ ಎಲ್ಲರ್ನೂ ಸುಮ್ನಿರ್ಸ್ದೆ. ಒಳಗೋಗ್ಬೇಡಿ ಅಂದೋಳು ನಾನೇ ಸಾ."

ವೈದ್ಯರು ನನ್ನ ಮುಖವನ್ನೂ ನೋಡಿದರು. ನಾನು ಫ್ಯಾನು ನೋಡಿದೆ. ಅವರು ಏನೋ ಬರೆದುಕೊಂಡು, "ಪೂಜೆಯಲ್ಲಿ ಕೂತವರು ಮಾತಾಡಲಿಲ್ಲ ಅಂದ್ರೆ ಯಾರಿಗೆ ತಾನೆ ಗೊತ್ತಾಗುತ್ತೆ ಬಿಡಮ್ಮ. ಒಂದೆರಡು ಗಂಟೆ ಮುಂಚೆ ಬಂದಿದ್ರೆ ಒಂದು ಇಂಜೆಕ್ಷನ್ ಇತ್ತು, ಕೊಟ್ಟು ನೋಡಬಹುದಿತ್ತು" ಎಂದರು. ಒಳ್ಳೆಯ ಮನುಷ್ಯ. ಮೆತ್ತಗೆ ಹೇಳಿದರು.

ಆಗ ನಾನು ಹೇಳಬಹುದಿತ್ತು. ಅವತ್ತು ಸಂಜೆ ಹೇಳಬಹುದಿತ್ತು, ಮರುದಿನ ಹೇಳಬಹುದಿತ್ತು. ಹೇಳಲಿಲ್ಲ. ನನ್ನೊಳಗೆ ಎಲ್ಲ ಜೋಮು ಹಿಡಿದುಹೋಗಿತ್ತು. ಕಾಲು ಜೋಮು ಹಿಡಿದರೆ ನೆಲಕ್ಕೆ ಕುಟ್ಟಿ ಸರಿಮಾಡಿಕೊಳ್ಳಬಹುದು. ಇದನ್ನು ಎಲ್ಲಿಗೆ ಅಂತ ಕುಟ್ಟುವುದು? ಅಳು ಬರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತಿಂದೆ. ಶಿವರಾತ್ರಿ ಉಪವಾಸ ಎನ್ನುವುದು ತಿಂದಾದ ಮೇಲೆ ನೆನಪಾಯಿತು. ಅದಕ್ಕೂ ಏನೂ ಅನ್ನಿಸಲಿಲ್ಲ.

ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾಲು ಆರು ತಿಂಗಳಿಗೆ ಸ್ವಲ್ಪ ಬಂತು, ಊರುಗೋಲು ಹಿಡಿದು ಹಜಾರದಿಂದ ಬಚ್ಚಲಿಗೆ ಹೋಗುವಷ್ಟು. ಮಾತು ಬರಲಿಲ್ಲ. ಮಂಡಿಯಲ್ಲಿ ಇನ್ನೂರು ಜನರ ನಡುವೆ ಕೇಳಿಸುತ್ತಿದ್ದ ಗಂಟಲಿನಿಂದ ಈಗ ಬರುವುದು 'ಉಂ' ಒಂದೇ. ಒಂದು ಸಲವೂ ಅದೇ, ಎರಡು ಸಲವೂ ಅದೇ, ಯಾವುದಕ್ಕೆ ಏನು ಎಂದು ಹೇಳಲು ಬರುವುದಿಲ್ಲ.

ಮಾತು ಕಲಿಸುವ ತರಬೇತಿಗೆ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದಾಗ ಅಲ್ಲಿನ ಹೆಣ್ಣುಮಗಳು ಒಂದು ಮಾತು ಹೇಳಿದಳು. "ಮೇಡಂ, ಇವರಿಗೆ ನಾವು ಆಡೋದು ಎಲ್ಲಾ ಅರ್ಥ ಆಗುತ್ತೆ. ಹೇಳಬೇಕಾದ್ದೂ ಒಳಗೆ ಇದೆ. ಬಾಯಿಗೆ ಬರೋ ದಾರಿ ಮಾತ್ರ ಕಿತ್ತುಹೋಗಿದೆ. ಅವರ ಮುಂದೆ ಮಾತಾಡುವಾಗ ಇದು ನೆನಪಿರಲಿ." ನನಗೆ ನೆನಪಿತ್ತು. ಅಪ್ಪನ ಒಳಗೆ ಏನಿದೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಾಗಿಲು ತೆಗೆದು ನೋಡಿ, ಮತ್ತೆ ಹಾಕಿಕೊಂಡು ಹೋದವಳು ಮಗಳು ಎನ್ನುವುದಕ್ಕೆ ಅವರೊಬ್ಬರೇ ಸಾಕ್ಷಿ.

ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಲು ಹೋದಾಗ ಅರ್ಜಿ ತುಂಬಿಸುವವನು, "ಏನಂತ ಬರೀಲಿ ಮಿಸ್, ಮ್ಯೂಟ್ ಅಂತ್ಲೇ ಬರ್ದ್ಬುಡ್ಲಾ?" ಎಂದು ಕೇಳಿದ. ನನ್ನೊಳಗಿನ ಟೀಚರು ಎಂಥ ಹೊತ್ತಿನಲ್ಲೂ ಸಾಯುವುದಿಲ್ಲ. ಆ ಪದ ಈಗ ಬಳಸುವುದಿಲ್ಲ, ಮನುಷ್ಯರಿಗೆ ಹಾಗೆ ಅನ್ನುವುದು ಅವಮಾನ, ವಾಕ್ ಮತ್ತು ಭಾಷೆಯ ತೊಂದರೆ ಎಂದು ಬರೆಯಿರಿ ಎಂದು ಅವನಿಗೆ ಅಲ್ಲೇ ಪಾಠ ಮಾಡಿದೆ. ಅವನು ತಲೆಯಾಡಿಸಿ ಬರೆದುಕೊಂಡ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅಪ್ಪ ನನ್ನನ್ನೇ ನೋಡುತ್ತಿದ್ದರು. ಎಂಥ ಮಾತುಗಾತಿ ನನ್ನ ಮಗಳು ಎಂದುಕೊಂಡರೋ ಏನೋ. ನಾನು ಅರ್ಜಿಯ ಕಡೆಗೆ ತಿರುಗಿಕೊಂಡೆ.

ಮನೆಗೆ ಬಂದ ವಾರದಲ್ಲೇ ಅವ್ವ ಬಡಗಿಯನ್ನು ಕರೆಸಿ ಪೂಜೆ ಕೋಣೆಯ ಬಾಗಿಲನ್ನೇ ಕಳಚಿಸಿದಳು. ಅದು ಈಗ ಹಿತ್ತಿಲಿನ ಗೋಡೆಗೆ ಒರಗಿ ನಿಂತಿದೆ. ದಿನಾ ಬೆಳಗ್ಗೆ ಬಟ್ಟೆ ಒಣಹಾಕಲು ಹೋದಾಗ ಅದನ್ನು ದಾಟಿಕೊಂಡು ಹೋಗುತ್ತೇನೆ. ಅಪ್ಪನ ಪೂಜೆ ನಿಂತಿಲ್ಲ. ಅವ್ವ ಅವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು, ಅವರ ಬಲಗೈ ಮಾಡುತ್ತಿದ್ದ ಕೆಲಸವನ್ನು ತನ್ನ ಬಲಗೈಯಲ್ಲಿ ಮಾಡುತ್ತಾಳೆ. ನೀರು ಹಾಕುತ್ತಾಳೆ, ಪತ್ರೆ ಏರಿಸುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಒಬ್ಬರು ಆಡದೆ, ಒಬ್ಬರು ಆಡಲಾಗದೆ. ನಾನು ಮಕ್ಕಳಿಗೆ ಬರೆಸಿದ ವ್ಯತ್ಯಾಸ ಇದೇ ತಾನೆ ಎಂದು ಒಂದು ದಿನ ಅವರನ್ನು ನೋಡುತ್ತಾ ನಿಂತೆ. ನೋಡಿದರೆ ಗೊತ್ತಾಗುತ್ತಿರಲಿಲ್ಲ.

ನೋಡಲು ಬಂದವರಿಗೆಲ್ಲ ಅವ್ವ ಅದೇ ಕತೆ ಹೇಳುವಳು. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ. "ನಾನೇ ಎಲ್ಲರ್ನೂ ಸುಮ್ನಿರ್ಸ್ದೆ. ಒಳಗೋಗ್ಬೇಡಿ ಅಂದೋಳು ನಾನೇ." ಬಂದವರು ಅಯ್ಯೋ ಬಿಡವ್ವ, ಹಣೆಬರಹ ಎಂದು ಕಾಫಿ ಕುಡಿದು ಹೋಗುವರು. ಆದರೆ ಅವ್ವ ಆ ಮಾತು ಆಡಿದಾಗೆಲ್ಲ ಅಪ್ಪ ಒಂದು ಕೆಲಸ ಮಾಡುತ್ತಿದ್ದರು. ಎಡಗೈ ಎತ್ತಿ ಕುರ್ಚಿಯ ಮರದ ತೋಳಿನ ಮೇಲೆ ಪಟ್ ಎಂದು ಬಡಿಯುತ್ತಿದ್ದರು. ಮತ್ತೆ ಮತ್ತೆ, ಅಂಗೈ ಕೆಂಪಾಗುವ ತನಕ. ಮುಖವೂ ಕೆಂಪಾಗುತ್ತಿತ್ತು, ಉಂ ಉಂ ಎಂದು ಗಂಟಲಿನ ನರ ಉಬ್ಬುತ್ತಿತ್ತು.

ಎಲ್ಲರೂ ಅದನ್ನು ಸಿಟ್ಟು ಎಂದುಕೊಂಡರು. ಹೆಂಡತಿಯ ಮೇಲಿನ ಸಿಟ್ಟು. ಅವ್ವನೂ ಹಾಗೆಯೇ ಅಂದುಕೊಂಡಳು. ಬಡಿತ ಶುರುವಾದರೆ ಮಾತು ನಿಲ್ಲಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋಗಿಬಿಡುವಳು.

ನನಗೆ ಎರಡನೇ ಸಲಕ್ಕೇ ಅರ್ಥವಾಗಿತ್ತು. ಅಲ್ಲ, ಅವಳಲ್ಲ, ಅವಳಲ್ಲ ಎನ್ನುತ್ತಿದ್ದಾರೆ. ಮಂಡಿಯಲ್ಲಿ ತಪ್ಪು ಕೂಗಿದವನನ್ನು ಹೀಗೇ ಮೇಜು ಬಡಿದು ನಿಲ್ಲಿಸುತ್ತಿದ್ದರು, ಚಿಕ್ಕಂದಿನಲ್ಲಿ ನೋಡಿದ್ದೇನೆ. ನನಗೆ ಅರ್ಥವಾದ ಕೂಡಲೇ ನಾನು ಎದ್ದು, "ನೀರು ಬೇಕೇನೋ ಅಪ್ಪಂಗೆ" ಎಂದೆ. ಲೋಟ ತಂದು ಬಾಯಿಗೆ ಹಿಡಿದೆ. ಬಾಯಲ್ಲಿ ನೀರಿದ್ದರೆ ಮನುಷ್ಯ ಬಡಿಯುವುದು ನಿಲ್ಲಿಸುತ್ತಾನೆ. ಮೂರು ವರ್ಷ ಆ ಲೋಟ ಹಿಡಿದೆ. ನನ್ನ ಬಗ್ಗೆ ನನಗೆ ನಾಚಿಕೆಯಾಗುವ ಸಂಗತಿಗಳಲ್ಲಿ ಬಾಗಿಲು ಹಾಕಿದ್ದು ಎರಡನೆಯದು, ಈ ನೀರಿನ ಲೋಟವೇ ಮೊದಲನೆಯದು.

ಆ ಮೂರು ವರ್ಷ ಶಾಲೆಗೆ ಹೋದೆ, ಬಂದೆ. ಬಸ್ಸಿನ ಕಿಟಕಿಯ ಆಚೆ ಭತ್ತದ ಗದ್ದೆ ಹಸಿರಾಗಿ, ಹಳದಿಯಾಗಿ, ಕೊಯ್ಲಾಗಿ ಹೋಗುತ್ತಿತ್ತು, ನಾನು ಯಾವುದನ್ನೂ ನೋಡಿದೆ ಎನ್ನುವಂತಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಜೋಕು ಹೇಳಿದರೆ ಎಲ್ಲರೂ ನಕ್ಕ ಮೇಲೆ ನಗುತ್ತಿದ್ದೆ. ಬೋರ್ಡಿನ ಮೇಲೆ ಆ ಮೂರು ಪದ ಬರೆದೆ, ಅಳಿಸಿದೆ. ಅರ್ಥ ಬರೆಸುವಾಗ ಮಾತ್ರ ನಿಘಂಟಿನಲ್ಲಿದ್ದಂತೆ ಎರಡನ್ನೂ ಬರೆಸಲು ಶುರುಮಾಡಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ನನಗೆ ಹಳೆಯ ಆ ಹುಡುಗಿಯ ಅರ್ಧ ಅಂಕ ನೆನಪಾಗುತ್ತಿತ್ತು. ಬಾಯಿ ಇದ್ದೂ ಮಾತು ಬಾರದೆ ಹೋಗುವುದು ಸುಳ್ಳಲ್ಲ. ಆದರೆ ನನ್ನದು ಅದಾಗಿತ್ತೆ? ವೈದ್ಯರ ಮುಂದೆ ನಿಂತಾಗ ನನಗೆ ಮಾತು ಬರಲಿಲ್ಲವೋ, ನಾನು ಆಡಲಿಲ್ಲವೋ? ಆಡಲಿಲ್ಲ. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಬೇರೆಯವರ ಉತ್ತರಪತ್ರಿಕೆಯಾಗಿದ್ದರೆ ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಅಪ್ಪನ ಅಕ್ಕ, ನನ್ನ ಸೋದರತ್ತೆ, ತಗಡೂರಿನಲ್ಲಿದ್ದಾರೆ. ಎಪ್ಪತ್ತೈದು ದಾಟಿದೆ, ಗಟ್ಟಿ ಜೀವ, ಇವತ್ತಿಗೂ ಒಬ್ಬರೇ ಬಸ್ಸು ಹತ್ತಿ ಬರುತ್ತಾರೆ. ಗಂಟಲಿನಲ್ಲಿ ಅಪ್ಪನಿಗೆ ಒಂದು ಕೈ ಮೇಲು. ತಾಯಿ ತೀರಿಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಅಪ್ಪನ ಮಾತು ಹೋದ ದಿನದಿಂದ ಅವರು ಅವ್ವನೊಂದಿಗೆ ನೆಟ್ಟಗೆ ಮಾತಾಡಿದ್ದೇ ಇಲ್ಲ. ಬರುವುದು, ತಮ್ಮನ ಪಕ್ಕದಲ್ಲಿ ಕೂರುವುದು, ಗೋಡೆಗೆ ಹೇಳಿದಂತೆ ಅವ್ವನಿಗೆ ಚುಚ್ಚುವುದು. "ಮೂರು ಗಂಟೆ ಗಂಡ ಆಚೀಕೆ ಬರ್ಲಿಲ್ಲ ಅಂದ್ರೆ ಇಣುಕಿ ನೋಡಾಕಾಗ್ಲಿಲ್ವಾ, ಅದೆಂಥ ಸಂಸಾರ್ವೋ." ಮಾತಿಗೆ ಮಾತು ಕೊಡುವುದನ್ನೇ ಬಿಟ್ಟಿದ್ದಳು ನನ್ನವ್ವ, ಸೌಟು ಎತ್ತಿಕೊಂಡು ಅಪ್ಪನ ಬಾಯಿ ಮುಚ್ಚಿಸುತ್ತಿದ್ದ ಅವ್ವ.

ಈ ವರ್ಷದ ಬೇಸಿಗೆ ರಜೆಯಲ್ಲಿ ಅತ್ತೆ ಒಂದು ತೀರ್ಮಾನ ಮಾಡಿಕೊಂಡೇ ಬಂದರು. ಬೆಳಗ್ಗೆ ಹತ್ತು ಗಂಟೆ. ಅಪ್ಪ ಹಜಾರದ ಕುರ್ಚಿಯಲ್ಲಿದ್ದರು, ಮಡಿಲಲ್ಲಿ ರಿಮೋಟು, ಟಿವಿಯಲ್ಲಿ ಯಾವುದೋ ಕೃಷಿ ಕಾರ್ಯಕ್ರಮ. ಅವ್ವ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ನಾನು ಅತ್ತೆಗೆ ಮಜ್ಜಿಗೆ ತಂದುಕೊಟ್ಟೆ. ಅವರು ಲೋಟ ಕೆಳಗಿಟ್ಟು ಹೇಳಿದರು:

"ನನ್ ತಮ್ಮನ್ನ ನಾನು ಊರ್ಗ್ ಕರ್ಕಂಡೋಯ್ತೀನಿ. ಅಲ್ಲಿ ನನ್ ಸೊಸೇರವ್ರೆ, ನೋಡ್ಕತಾರೆ. ಇಲ್ಲಿ ಇವ್ನಿಗೆ ನೆಮ್ದಿ ಇಲ್ಲ. ಇವ್ಳು ಎದ್ರೀಗ್ ಬಂದ್ರೆ ಕೈ ಬಡೀತಾನೆ, ಕಣ್ಣಾರೆ ಕಂಡಿವ್ನಿ. ಮಾತ್ ಓದ್ರೇನು, ಮನ್ಸಲ್ಲಿರಾದು ಓಯ್ತದಾ?"

ಅವ್ವ ಜಗಳಾಡುತ್ತಾಳೆ ಎಂದುಕೊಂಡೆ. ಆಡಲಿ ಎಂದು ಆಸೆಪಟ್ಟೆ. ಐವತ್ತು ವರ್ಷದ ಸಂಸಾರ, ಇದೊಂದಕ್ಕಾದರೂ ಬಾಯಿ ತೆರೆಯುತ್ತಾಳೆ ಎಂದು ಕಾದೆ. ಅವ್ವ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಮಂಡಿ ಹಿಡಿದುಕೊಂಡು ಎದ್ದಳು. ಒಳಗೆ ಹೋಗಿ ಅಪ್ಪನ ಪಂಚೆ, ಬನಿಯನ್ನು, ಮಾತ್ರೆಯ ಡಬ್ಬಿ, ವಿಭೂತಿಯ ಗಟ್ಟಿ ಎಲ್ಲ ತಂದು ಚೀಲಕ್ಕೆ ತುಂಬತೊಡಗಿದಳು.

"ಕರ್ಕೊಂಡೋಗಿ ಅತ್ಗೆ," ಎಂದಳು. ದನಿ ಸಣ್ಣಗಿತ್ತು. "ನೀವೇಳಾದು ದಿಟ. ನನ್ನ ಕಂಡ್ರೆ ಅವ್ರಿಗೆ ಆಗಲ್ಲ. ಯಾಕಾದದು? ಎಲ್ಲರ್ನೂ ಸುಮ್ನಿರ್ಸ್ದೋಳು ನಾನೇ. ಒಳಗೋಗ್ಬೇಡಿ ಅಂದೋಳು ನಾನೇ."

ಪಟ್. ಅಪ್ಪನ ಎಡಗೈ ಎದ್ದು ಕುರ್ಚಿಯ ತೋಳಿಗೆ ಬಡಿಯಿತು. ರಿಮೋಟು ನೆಲಕ್ಕೆ ಬಿತ್ತು. ಪಟ್, ಪಟ್. ಉಂ ಉಂ ಉಂ.

"ನೋಡು, ನೋಡು," ಎಂದರು ಅತ್ತೆ.

ಅವ್ವ ತಲೆ ಎತ್ತಲಿಲ್ಲ. ಪಂಚೆಯ ಮಡಿಕೆಯನ್ನು ಒತ್ತಿ ಒತ್ತಿ ನೇರ ಮಾಡುತ್ತಿದ್ದಳು. ನನ್ನ ಕಾಲು ಅಭ್ಯಾಸಬಲದಿಂದ ನೀರಿನ ಲೋಟದ ಕಡೆಗೆ ಎರಡು ಹೆಜ್ಜೆ ಇಟ್ಟಿತ್ತು. ಲೋಟ ಕೈಗೆ ಬಂದಿತ್ತು. ಹಾಗೇ ಅದನ್ನು ಹಿಡಿದುಕೊಂಡು ನಿಂತೆ.

"ನಾನು ನೋಡಿದ್ದೆ" ಎಂದೆ.

ಯಾರಿಗೂ ಕೇಳಿಸಲಿಲ್ಲ. ಅಪ್ಪನ ಬಡಿತ, ಟಿವಿಯ ಸದ್ದು. ಇನ್ನೊಮ್ಮೆ ಹೇಳಿದೆ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ.

"ಅತ್ತೆ, ನಾನು ನೋಡಿದ್ದೆ. ಅವ್ವ ಅಲ್ಲ. ಅವತ್ತು ಏಳು ಗಂಟೆಗೆ ನಾನು ಬಾಗಿಲು ತೆಗ್ದಿದ್ದೆ. ತಂಬಿಗೆ ಬಿದ್ದಿತ್ತು, ಅಪ್ಪನ ಕೈ ಬಿದ್ದಿತ್ತು. ಅಪ್ಪ ನನ್ನ ನೋಡಿ ಕೂಗಿದ್ರು. ನಾನು ಬಾಗಿಲು ಹಾಕ್ಕೊಂಡು ಬಂದ್ಬಿಟ್ಟೆ. ಆಸ್ಪತ್ರೇಲಿ ಕೇಳ್ದಾಗ್ಲೂ ಹೇಳ್ಲಿಲ್ಲ. ಅಪ್ಪ ಬಡಿಯೋದು ಅವ್ವನ ಮೇಲೆ ಸಿಟ್ಟಿಗಲ್ಲ. ಅವಳಲ್ಲ ಅಂತ ಹೇಳ್ತಿದ್ದಾರೆ. ನಂಗೆ ಮೊದಲಿಂದ್ಲೂ ಗೊತ್ತು."

ಅಪ್ಪನ ಕೈ ಗಾಳಿಯಲ್ಲಿತ್ತು. ಕೆಳಗಿಳಿಯಿತು. ಬಡಿಯಲಿಲ್ಲ. ಕುರ್ಚಿಯ ತೋಳಿನ ಮೇಲೆ ಮೆತ್ತಗೆ ಇಳಿದು, ಅಲ್ಲೇ ಅಂಗಾತವಾಗಿ ಉಳಿಯಿತು. ಅವರು ನನ್ನನ್ನು ನೋಡಲಿಲ್ಲ. ಅವ್ವನನ್ನು ನೋಡುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಅತ್ತೆ ಮಜ್ಜಿಗೆಯ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ, ಮತ್ತೆ ಇಟ್ಟರು. ಅವ್ವನ ಕಡೆಗೆ ತಿರುಗಿ, "ಆ ಚೀಲ ತಗ್ದು ಒಳೀಕ್ ಮಡುಗಮ್ಮಿ" ಎಂದರು. ಮೂರು ವರ್ಷದಲ್ಲಿ ಅವ್ವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅವ್ವ ನನಗೆ ಬೈಯಲಿ ಎಂದು ನಿಂತಿದ್ದೆ. ಹೊಡೆದರೂ ಹೊಡೆಸಿಕೊಳ್ಳುತ್ತಿದ್ದೆ. ಅವಳು ಚೀಲದಿಂದ ಪಂಚೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಕಡೆಯ ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ಮೊದ್ಲೇ ಯೋಳ್ಬಾರ್ದಾಗಿತ್ತೇನೆ? ಮೂರು ವರ್ಷದಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ ಕಣೆ."

ಅಷ್ಟೇ. ಜೋರಾಗಿಯೂ ಹೇಳಲಿಲ್ಲ. ನನ್ನೊಳಗಿನ ಜೋಮು ಬಿಟ್ಟಿತೇ ಎಂದರೆ, ಬಿಡುವಾಗ ಕಾಲು ಚುಚ್ಚುತ್ತದಲ್ಲ, ಹಾಗೆ ಅಲ್ಲಲ್ಲಿ ಚುಚ್ಚಲು ಶುರುವಾಗಿದೆ, ಅಷ್ಟು ಹೇಳಬಹುದು.

ಅತ್ತೆ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಹೋದರು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದೆ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹಜಾರದೊಳಗೆ ನೋಡಿದೆ. ಅವ್ವ ಅಪ್ಪನ ಕುರ್ಚಿಯ ಪಕ್ಕದಲ್ಲಿ ಬರೀ ನೆಲದ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದ್ದಳು. ಬಾಯಿ ಅರ್ಧ ತೆರೆದಿತ್ತು, ಗೊರಕೆ ಹೊಡೆಯುತ್ತಿದ್ದಳು. ಅವಳು ಹಗಲಿನಲ್ಲಿ ಮಲಗಿದ್ದನ್ನು ನಾನು ಯಾವಾಗ ನೋಡಿದ್ದೆ ಎಂದು ನೆನಪಾಗಲಿಲ್ಲ. ಟಿವಿಯಲ್ಲಿ ಜಾಹೀರಾತು ಶುರುವಾಗಿ ಸದ್ದು ಒಮ್ಮೆಲೇ ಹೆಚ್ಚಿತು. ಅವ್ವ ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು.

ನಾನು ಹೋಗಿ ಸದ್ದು ತಗ್ಗಿಸೋಣ ಎನ್ನುವಷ್ಟರಲ್ಲಿ ಅಪ್ಪ ಎಡಗೈಯಲ್ಲಿ ಮಡಿಲಿನ ರಿಮೋಟು ಹುಡುಕಿ ತೆಗೆದುಕೊಂಡರು. ಅಕ್ಷರ ಅಳಿಸಿಹೋದ ಆ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಮನೆ ನಿಶ್ಶಬ್ದವಾಯಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆಗೆ ಕಣ್ಣೆತ್ತಿ ನೋಡಿ, ಅವ್ವನಿಗೆ ಎಚ್ಚರವಾಗದಷ್ಟು ಮೆಲ್ಲಗೆ, ಒಂದು ಸಲ 'ಉಂ' ಎಂದರು.

ನಾನು ಹೋಗಿ ನೀರು ತಂದೆ. ಅವರು ಕುಡಿದರು.